ಟೆಂಟಿನಲ್ಲಿ ಕಂಡ ಮುಖ

ಕಳೆದ ವಾರ ಶಾಲೆಯ ನಾಟಕ ಮುಗಿಸಿ ಬಂದ ಮೊಮ್ಮಗಳ ಮುಖವನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸುತ್ತಿದ್ದೆ. ಎಣ್ಣೆ, ಬಣ್ಣ, ಬೆವರು ಬೆರೆತ ಆ ವಾಸನೆಗೆ ಕೈ ನಿಂತುಹೋಯಿತು. ಗೌರಿಬಿದನೂರಿನಲ್ಲಿದ್ದಾಗ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿ... ಇಪ್ಪತ್ತು ವರ್ಷದ ಹಿಂದೆ ನನ್ನ ಮಗಳ ಮುಖದ ಬಣ್ಣವನ್ನು ಹೀಗೇ ತೆಗೆದುಕೊಟ್ಟವರು ಅವರು. “ಇದೆಲ್ಲ ಹೆಂಗೆ ಗೊತ್ತಜ್ಜಿ?” ಎಂದಾಗ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ್ದರು.

ಮದುವೆಗೆ ಮುಂಚೆ ಅವರು ಮದರಾಸಿನ ಸ್ಟುಡಿಯೋಗಳಲ್ಲಿ ನಟಿಯಾಗಿದ್ದರು. ಮಾತಾಡುವ ಸಿನಿಮಾ ಇನ್ನೂ ಹೊಸದಾಗಿದ್ದ ಕಾಲ. ತೆಲುಗೂ ಚೆನ್ನಾಗಿ ಬರುತ್ತಿದ್ದುದರಿಂದ ಎರಡೂ ಭಾಷೆಯಲ್ಲಿ ಪಾತ್ರ ಸಿಗುತ್ತಿತ್ತಂತೆ. ಜಮೀನಿದ್ದ ಮನೆತನಕ್ಕೆ ಸೊಸೆಯಾಗಿ ಬಂದಾಗ ಗಂಡ ಹಾಕಿದ್ದು ಒಂದೇ ಷರತ್ತು: ಆ ಮಾತು ಮತ್ತೆ ಬಾಯಿಗೆ ಬರಬಾರದು. ಗಂಡ ತೀರಿಕೊಂಡ ಮೇಲೆ ಮಗ ಆ ಷರತ್ತನ್ನು ಕಾಯುತ್ತಿದ್ದರು.

ಅಜ್ಜಿಯ ಮೊಮ್ಮಗಳನ್ನು ನೋಡಲು ಚಿಂತಾಮಣಿಯಿಂದ ಗಂಡಿನ ಕಡೆಯವರು ಬಂದ ದಿನ ಕಾಫಿ ಕೊಡಲು ನಾನೂ ಹೋಗಿದ್ದೆ. ಮಾತು ಹೆಚ್ಚುಕಡಿಮೆ ಕುದುರಿತ್ತು. ಗಂಡಿನ ತಾತ ಮಾತ್ರ ಅಜ್ಜಿಯ ಮುಖವನ್ನೇ ನೋಡುತ್ತಿದ್ದರು.

“ನಿಮ್ಮನ್ನ ಎಲ್ಲೋ ನೋಡಿದೀನಲ್ಲಮ್ಮ.”

“ನಮ್ಮಮ್ಮ ಊರು ಬಿಟ್ಟು ಎಲ್ಲೂ ಹೋದೋರಲ್ಲ,” ಎಂದರು ಮಗ. ಆಮೇಲೆ ಅಜ್ಜಿಯ ಕಡೆ ತಿರುಗಿ, “ನೀನು ಒಳಗೋಗಮ್ಮ.”

ಅಜ್ಜಿ ಏಳಲಿಲ್ಲ. ಸೆರಗು ಸರಿಮಾಡಿಕೊಂಡು ತಾತನ ಕಡೆ ತಿರುಗಿದರು.

“ಟೆಂಟ್ ಸಿನಿಮಾದಲ್ಲಿ ನೋಡಿರ್ತೀರ,” ಎಂದರು. “ನಾನು ಪಾರ್ಟ್ ಮಾಡ್ತಿದ್ದೆ.”

ಗಂಡಿನ ತಾಯಿ ಕಾಫಿ ಕುಡಿಯದೆ ಲೋಟ ಕೆಳಗಿಟ್ಟರು. ಫೋನ್ ಮಾಡ್ತೀವಿ ಎಂದು ಹೋದವರು ಮಾಡಲೇ ಇಲ್ಲ.

ಮಗ ತಾಯಿಯ ಜೊತೆ ಮಾತು ಬಿಟ್ಟರು. ಆ ಮನೆಯ ಹೊಸಿಲು ತುಳಿಯಲು ನನಗೂ ಅಂಜಿಕೆ. ಮೊಮ್ಮಗಳು ಮಾತ್ರ ತನ್ನ ಹಾಸಿಗೆಯನ್ನು ಅಜ್ಜಿಯ ಕೋಣೆಗೆ ತಂದುಕೊಂಡಳು.

“ಯಾಕಜ್ಜಿ ಹೇಳಿದ್ರಿ?” ಎಂದು ಒಮ್ಮೆ ಹಿತ್ತಲಲ್ಲಿ ಕೇಳಿದೆ.

“ನೋಡಿದೀನಿ ಅಂದ್ರಲ್ಲಮ್ಮ... ಸತ್ತೋದೋಳ್ನ ಯಾರೋ ಕರೆದಂಗಾಯ್ತು. ಹೆಂಗೆ ಸುಮ್ನಿರ್ಲಿ?”

ಕೆಲವು ವಾರ ಕಳೆದು ಆ ತಾತ ಒಬ್ಬರೇ ಬಂದರು. ಮಗ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತರು. ತಾತ ಜಗಲಿಯ ಮೇಲೆಯೇ ಕುಳಿತರು. ಪಕ್ಕದ ನಮ್ಮ ಜಗಲಿಗೆ ಎಲ್ಲ ಕೇಳಿಸುತ್ತಿತ್ತು.

“ನಾನು ಬಾಯಿ ಬಿಡಬಾರದಿತ್ತು. ಮನೇಲಿ ನನ್ನ ಮಾತು ನಡೀಲಿಲ್ಲ,” ಎಂದರು. ಒಳಗಿದ್ದ ಅಜ್ಜಿಗೆ ಕೇಳುವಂತೆ, “ಹೊಳೇಲಿ ಮುಳುಗೋ ಸೀನಿತ್ತಲ್ಲಮ್ಮ, ಚಿಕ್ಕೋನಿದ್ದಾಗ ನೋಡಿ ಬಹಳ ಅತ್ತಿದ್ದೆ. ಅದನ್ನ ಹೆಂಗೆ ಮಾಡಿದ್ರಿ?”

ಅಜ್ಜಿ ಮಗನ ಬೆನ್ನ ಹಿಂದೆ ಬಂದು ನಿಂತರು.

“ಮಾಡಿದ್ದಲ್ಲ. ಈಜು ಬರ್ತಿರ್ಲಿಲ್ಲ, ನಿಜವಾಗ್ಲೂ ಮುಳುಗ್ತಿದ್ದೆ. ಚೆನ್ನಾಗಿ ಮಾಡ್ತಿದಾಳೆ ಅಂದ್ಕೊಂಡು ಅವರು ಕ್ಯಾಮೆರಾ ಓಡಿಸ್ತಾನೇ ಇದ್ರು.”

ಮಗನ ಕೈ ಮೆಲ್ಲಗೆ ಬಾಗಿಲಿನಿಂದ ಇಳಿಯಿತು.

“ಆಮೇಲೆ?” ಎಂದರು. ಅಷ್ಟು ದಿನಗಳ ಮೇಲೆ ತಾಯಿಗೆ ಆಡಿದ ಮೊದಲ ಮಾತು.

“ಆಮೇಲೇನಪ್ಪ, ಲೈಟಿನೋನು ಒಬ್ಬ ಹಾರಿ ಎಳ್ಕೊಂಡ. ಮಾರನೇ ದಿನ ಮತ್ತೆ ಅದೇ ನೀರಿಗೆ ಇಳಿದೆ.”

ಅಜ್ಜಿ ಮುಂದೆ ಕೆಲವೇ ವರ್ಷ ಇದ್ದರು. ಅವರ ಚಿತ್ರಗಳ ಒಂದು ಪ್ರತಿಯೂ ಉಳಿದಿಲ್ಲವಂತೆ. ಅವರ ಮೊಮ್ಮಗಳು ಹುಡುಕಿ ಹುಡುಕಿ ಸೋತಳು. ಅವರನ್ನು ಪರದೆಯ ಮೇಲೆ ನೋಡಿದ್ದ ಆ ತಾತನೂ ಈಗಿಲ್ಲ. ನಾನು ನೋಡಿದ್ದು ಬಿಳಿಗೂದಲಿನ ಮುದುಕಿಯನ್ನು ಮಾತ್ರ. ಹೊಳೆಗಿಳಿದ ಆ ಹುಡುಗಿ ಹೇಗಿದ್ದಳೋ... ಕೇಳೋಣವೆಂದರೆ ಯಾರೂ ಉಳಿದಿಲ್ಲ.