ಹೋದದ್ದು ತಿರುಗಿ ಬರಲಿ ಎನ್ನುವ ಫೋನಕ್ಕ

ಬೆಳಗಿನ ಆರು ಗಂಟೆ. ಗುಡ್ಡದ ಮೇಲಿನ ಚಿಕಿತ್ಸಾಲಯದ ಔಷಧಿ ಕೋಣೆಯಲ್ಲಿ ಮೋಡೆಮ್ ಕೀಚಲು ದನಿ ತೆಗೆಯುತ್ತದೆ. ಮೇಜಿನಡಿ ಮೊಣಕಾಲೂರಿದ ಫೋನಕ್ಕ ಕಣ್ಣು ಮುಚ್ಚಿ ಕಿವಿಗೊಡುತ್ತಾರೆ. "ಗಂಟಲು ಕಟ್ಟಿದೆ ಪಾಪ, ಆದ್ರೂ ಹಾಡ್ತಾನೆ." ಸಂಪರ್ಕ ಸಿಕ್ಕಿತು.

ಅದು ಹಳೆಯ ಕಿವಿ. ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಕೆಲಸ ಹೋದಾಗ ಅವರಿಗೆ ಮೂವತ್ತೆಂಟು. ಹೈಸ್ಕೂಲಿನ ಮಗಳ ಪಕ್ಕ ಕೂತು ಕಂಪ್ಯೂಟರ್ ಕಲಿತರು. ಈಗ ಊರೂರಿನ ಚಿಕಿತ್ಸಾಲಯಗಳ ಕಂಪ್ಯೂಟರುಗಳನ್ನು ಪಟ್ಟಣದ ರಕ್ತಪರೀಕ್ಷಾಲಯದ ಕಂಪ್ಯೂಟರುಗಳೊಂದಿಗೆ ಫೋನ್ ತಂತಿಯಲ್ಲಿ ಬೆಸೆಯುತ್ತಾರೆ. ಒಂಬತ್ತು ವರ್ಷ, ನಲವತ್ತು ಚಿಕಿತ್ಸಾಲಯ. ಇದು ನಲವತ್ತೊಂದನೆಯದು.

ಸಂದೇಶ ಹೋಗುವ ದಾರಿಯನ್ನು ಇಲ್ಲಿನ ಕಂಪ್ಯೂಟರಿನಲ್ಲಿ ಬರೆದರೆ ಅರ್ಧ ಕೆಲಸವಷ್ಟೇ. ಉತ್ತರ ಯಾವ ತಂತಿ ಹಿಡಿದು ಬರಬೇಕೆಂದು ಆಚೆಯ ಯಂತ್ರಕ್ಕೂ ಬರೆದುಕೊಡಬೇಕು. "ವಿಳಾಸ ಗೊತ್ತಿದ್ರೆ ಸಾಕಾ? ಯಾವ ಬಸ್ ಹತ್ಬೇಕು ಅಂತಾನೂ ಗೊತ್ತಿರ್ಬೇಕಲ್ಲ!"

ಎಂಟಕ್ಕೆ ತುಂಬು ಗರ್ಭಿಣಿಯೊಬ್ಬಳು ಬರಲಿದ್ದಾಳೆ. ಹೆರಿಗೆ ಇಲ್ಲೇ ಮಾಡಿಸುವುದೋ, ಪಟ್ಟಣಕ್ಕೆ ಕಳಿಸುವುದೋ ಎಂಬುದು ಅವಳ ರಕ್ತದ ವರದಿ ನೋಡಿದ ಮೇಲೆಯೇ. ವರದಿ ಬಸ್ಸಿನಲ್ಲಿ ಬಂದರೆ ಎರಡು ದಿನ. ನರ್ಸಮ್ಮ ಗಡಿಯಾರ ನೋಡುತ್ತಾ ಬಾಗಿಲಿಗೊರಗಿದ್ದಾರೆ.

ಫೋನಕ್ಕ ಆಚೆಯ ಯಂತ್ರವನ್ನು ಕರೆದು ನೋಡುತ್ತಾರೆ. ಕರೆ ಹೋಗುತ್ತದೆ, ಉತ್ತರ ಮಾತ್ರ ನಾಪತ್ತೆ. ತಂತಿ ಇರುವುದೊಂದೇ; ಏನಾಯಿತೆಂದು ಕೇಳಲು ಸಂಪರ್ಕ ಕಡಿಯಲೇಬೇಕು. ಕಡಿದು, ರಿಸೀವರ್ ಎತ್ತುತ್ತಾರೆ. ಪರೀಕ್ಷಾಲಯದ ಕಂಪ್ಯೂಟರ್ ನೋಡಿಕೊಳ್ಳುವವರು ಅವರ ಒಡಹುಟ್ಟಿದ ಅಣ್ಣ.

"ಅಣ್ಣಾ, ಮಿಷಿನ್ ಆಫ್ ಮಾಡಿದ್ಯಾ?"

"ಕಸ ಗುಡಿಸೋಕೆ ಪ್ಲಗ್ ತೆಗ್ದಿದ್ದೆ ಕಣೇ. ಒಂದೇ ನಿಮಿಷ."

"ನಿನ್ನೆ ನಾ ಹಾಕಿದ ವಾಪಸ್ ದಾರೀನ ಸೇವ್ ಮಾಡು ಅಂತ ಬಡ್ಕೊಂಡೆ! ನಿಂಗೂ ಆ ಮಿಷಿನ್‌ಗೂ ರಾತ್ರಿ ಹೇಳಿದ್ದು ಬೆಳಿಗ್ಗೆ ನೆನಪಿರಲ್ಲ."

"ಬೈಯೋದು ಆಮೇಲೆ. ನಂಬರ್ ಹೇಳು."

ಒಂದೊಂದೇ ಅಂಕಿ ಹೇಳಿ, ಅಣ್ಣನಿಂದ ತಿರುಗಿ ಹೇಳಿಸಿ, ಫೋನಿಡುತ್ತಾರೆ. ಮತ್ತೆ ಅದೇ ಕೀಚಲು. ಪರದೆಯಲ್ಲಿ ಉತ್ತರ ಮೂಡುತ್ತದೆ. ನರ್ಸಮ್ಮ ನಗುತ್ತಾರೆ, ಫೋನಕ್ಕ ಏಳುವುದಿಲ್ಲ. ಕರೆದಾಗ ಓಗೊಟ್ಟರೆ ಸಾಲದು, ಅಲ್ಲಿನ ಯಂತ್ರ ತಾನಾಗಿಯೇ ಇಲ್ಲಿನ ಪ್ರಿಂಟರ್ ಓಡಿಸಬೇಕು. ಅದು ಅವರ ಹಟ.

ಏಳೂ ಹತ್ತಕ್ಕೆ ಪ್ರಿಂಟರ್ ಗೊರಗುಟ್ಟುತ್ತದೆ.

"ಹಿಮೋಗ್ಲೋಬಿನ್ ಹನ್ನೊಂದೂವರೆ! ಉಳಿದದ್ದೂ ಸರಿಯಾಗಿದೆ!" ನರ್ಸಮ್ಮ ಹಾಳೆ ಹಿಡಿದು ಕುಣಿಯುವುದೊಂದು ಬಾಕಿ. "ಇಲ್ಲೇ ಹೆರಿಗೆ!"

ಹಿಂದೆಯೇ ಇನ್ನೊಂದು ಹಾಳೆ ಇಳಿಯುತ್ತದೆ: 'ತಂಗಿ, ಸೇವ್ ಮಾಡಿದ್ದೇನೆ. ಎರಡು ಸಲ.' ಫೋನಕ್ಕ ಅದನ್ನು ಮಡಚಿ ಚೀಲಕ್ಕೆ ಸೇರಿಸುತ್ತಾರೆ. ಅಲ್ಲಿ ಆಗಲೇ ಅಂಥ ನಲವತ್ತು ಹಾಳೆಗಳಿವೆ.

"ಏನು ಬೇಕು ಕೇಳಿ ಅಕ್ಕಾ, ಕೊಡ್ತೀನಿ," ಎನ್ನುತ್ತಾರೆ ನರ್ಸಮ್ಮ.

ಫೋನಕ್ಕ ಮೊಣಕಾಲಿನ ಧೂಳು ಕೊಡವುತ್ತಾ ಯೋಚಿಸುತ್ತಾರೆ. "ಒಂದು ಲೋಟ ಟೀ. ಆಮೇಲೆ, ನಮ್ಮಣ್ಣನ ಕೈಯಿಂದ ಯಾರಾದ್ರೂ ಆ ಪೊರಕೆ ಕಿತ್ಕೊಂಡ್ರೆ ಸಾಕು."