ಕೊನೆಯ ಸಾಲಿನ ಮೇಷ್ಟ್ರು

ತೀರಿಕೊಂಡ ನಮ್ಮ ಯಜಮಾನರು ನಾಟಕದ ಕಂಪನಿಗೆ ಸೇರಿದ್ದು ಪರದೆ ಎಳೆಯಲು. ಆಮೇಲೆ ಟಿಕೆಟ್ ಕಿಟಕಿಯಲ್ಲಿ ಕೂತರು. ನಟರನ್ನು ಊರಿಂದೂರಿಗೆ ಕರೆದೊಯ್ದು ಅವರ ಊಟ, ಹಾಸಿಗೆ, ಜಗಳ ಎಲ್ಲ ನೋಡಿಕೊಂಡರು. ನಾಟಕಮಂದಿರದ ಮ್ಯಾನೇಜರಾದರು. ಅಲ್ಲೇ ರಂಗಶಾಲೆ ತೆರೆದಾಗ ಮೇಷ್ಟ್ರೂ ಆದರು. ಮುಖಕ್ಕೆ ಬಣ್ಣ ಮಾತ್ರ ಒಂದು ದಿನವೂ ಹಚ್ಚಲಿಲ್ಲ.

"ಬಣ್ಣ ಹಚ್ಚಿದವರನ್ನ ಕಾಯೋದಕ್ಕೆ ಒಬ್ಬ ಬರೀ ಮುಖದೋನು ಬೇಕಲ್ವೇನೇ?" ಅನ್ನುತ್ತಿದ್ದರು.

ಅವರು ಪಾಠ ಹೇಳುವ ಕ್ರಮ ಒಂದೇ. ವಿದ್ಯಾರ್ಥಿ ರಂಗದ ಮೇಲೆ, ಇವರು ಕೊನೆಯ ಸಾಲಿನಲ್ಲಿ. ಮಾತು ಕೇಳಿಸದಿದ್ದರೆ ಕೈ ಎತ್ತುತ್ತಾರೆ. ಕೈ ಇಳಿಯುವವರೆಗೂ ಮತ್ತೆ ಮತ್ತೆ ಹೇಳಬೇಕು. "ಹಿಂದೆ ಕೂತೋನು ಏನು ಬಿಟ್ಟಿ ಬಂದಿದಾನಾ?" ಎನ್ನುವುದು ಅವರ ವಾದ.

ಬರಬರುತ್ತಾ ಆ ಕೈ ಇಳಿಯುವುದೇ ಅಪರೂಪವಾಯಿತು. "ಈಗಿನ ಮಕ್ಕಳಿಗೆ ಗಂಟಲೇ ಇಲ್ಲ ಕಣೇ" ಎಂದು ಮನೆಗೆ ಬಂದು ಗೊಣಗುವರು. ನಾನು ಏನಾದರೂ ಹೇಳಿದರೂ "ಆಂ?" ಅನ್ನುವರು. ಗಂಡನಿಗೆ ಹೆಂಡತಿ ಮಾತು ಕೇಳಿಸದಿರುವುದು ಯಾವ ಮನೆಯಲ್ಲಿ ಹೊಸದು? ನಾನು ನಕ್ಕು ಸುಮ್ಮನಾದೆ.

ಆ ವರ್ಷದ ಪರೀಕ್ಷೆಗೆ ಇಸ್ತ್ರಿ ಅಂಗಡಿಯವರ ಮಗಳು ನಿಂತಿದ್ದಳು. ಪಾಸಾದರೆ ದೊಡ್ಡ ತಂಡವೊಂದು ಅವಳನ್ನು ಸೇರಿಸಿಕೊಳ್ಳುವುದೆಂದು ಮಾತಾಗಿತ್ತು. ಇಲ್ಲವಾದರೆ ಅಪ್ಪನ ಇಸ್ತ್ರಿ ಮೇಜೇ ಗತಿ. ಸತ್ತ ಮಗುವನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಮೆಲ್ಲಗೆ ಮಾತಾಡುವ ಭಾಗ ಅವಳದು. ಇವರು ಕೈ ಎತ್ತಿದರು. ಅವಳು ದನಿ ಏರಿಸಿದಳು. ಕೈ ಇಳಿಯಲಿಲ್ಲ. ಅವಳು ಕಿರುಚಿದಳು, ಗಂಟಲು ಒಡೆಯಿತು, ಕೆಮ್ಮುತ್ತಾ ಕುಸಿದು ಕೂತಳು. ಇವರು ಫೇಲು ಬರೆದು ಬಂದರು.

ಸಂಜೆ ರಂಗದ ದೀಪ ನೋಡಿಕೊಳ್ಳುವ ಹಳೆಯ ಗೆಳೆಯರು ಮನೆಗೆ ಬಂದು, ಇವರ ಎದುರಿಗೇ ಕೂತು, ಜೋರಾಗಿ ಹೇಳಿದರು.

"ಅಣ್ಣಾ, ನಾನು ನಿನಗಿಂತ ಹಿಂದೆ, ದೀಪದ ಗೂಡಲ್ಲಿದ್ದೆ. ಆ ಹುಡುಗಿ ಮೊದಲ ಸಲ ಹೇಳಿದ್ದೇ ನನಗೆ ಒಂದಕ್ಷರ ಬಿಡದೆ ಕೇಳಿಸ್ತು."

"ಸುಳ್ಳು ಹೇಳ್ಬೇಡ."

"ಸುಳ್ಳು ಹೇಳಿ ನನಗೇನಾಗ್ಬೇಕು? ಈಗ ಬಾಗಿಲು ಎಷ್ಟು ಬಡಿದೆ ಅಂತ ಅತ್ತಿಗೇನ ಕೇಳು."

ಇವರು ನನ್ನ ಕಡೆ ತಿರುಗಿದರು. "ಇವ್ನು ಬಡಿದ್ನಾ?"

"ಬಡಿದ್ರು ರೀ. ನೀವು ಬಾಗಿಲ ಪಕ್ಕದಲ್ಲೇ ಕೂತಿದ್ರಿ."

ಇವರು ಮರುದಿನ ಬೆಳಿಗ್ಗೆ ಹೋಗಿ ಫೇಲನ್ನು ಪಾಸು ಮಾಡಿ, ತಮ್ಮ ಕೆಲಸ ಬಿಟ್ಟು ಬಂದರು. ಆದರೆ ಹುಡುಗಿಯ ಗಂಟಲು ಹುಣ್ಣಾಗಿತ್ತು. ತಿಂಗಳುಗಟ್ಟಲೆ ದನಿ ಎತ್ತಲೇಬಾರದು ಎಂದರು ಡಾಕ್ಟರು. ತಂಡದವರು ಕಾಯಲಿಲ್ಲ, ಬೇರೊಬ್ಬಳನ್ನು ತೆಗೆದುಕೊಂಡರು.

ಸುದ್ದಿ ತಿಳಿದ ದಿನ ಇವರು ಇಸ್ತ್ರಿ ಅಂಗಡಿಗೆ ಹೊರಟರು. ನಾನೂ ಜೊತೆಗೆ ಹೋದೆ. ಅವಳು ಅಂಗಿಯ ಕಾಲರು ಮಟ್ಟ ಮಾಡುತ್ತಿದ್ದಳು. ಇವರನ್ನು ಕಂಡು ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದಳು.

"ಹೋಗಿದ್ದು ನನ್ನ ಕಿವಿ, ಮಗಳೇ. ದಂಡ ತೆತ್ತಿದ್ದು ನಿನ್ನ ಗಂಟಲು" ಎಂದರು ಇವರು.

ಅವಳು ಉಸಿರಿನಲ್ಲೇ ಏನೋ ಹೇಳಿದಳು. ಇವರು ಅವಳ ಬಾಯನ್ನೇ ನೋಡಿದರು, ತಿಳಿಯಲಿಲ್ಲ.

"ಏನಂದ್ಲೇ?"

ಮೆಲ್ಲಗೆ ಹೇಳಿದರೆ ಇವರಿಗೆ ಕೇಳದು. ಬೀದಿಯ ಜನವೆಲ್ಲ ತಿರುಗಿ ನೋಡುವಂತೆ ನಾನು ಕೂಗಿ ಹೇಳಬೇಕಾಯಿತು: "ಮೊದಲನೇ ಸಲಾನೇ ಚೆನ್ನಾಗಿ ಹೇಳಿದ್ದೆ ಸರ್, ಅಂತಿದಾಳೆ ರೀ."