ಕಪ್ಪು ಪರದೆಯ ಹಸು

ಹಾಸನದ ಒಂದು ಆಫೀಸಿನಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಾರಕ್ಕೆ ಮೂರು ದಿನ ಹರದನಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಉಳಿದ ದಿನ ನಡುಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂರುತ್ತೇನೆ. ಚಿತ್ರ, ಬಟನ್ನು ಏನೂ ಇಲ್ಲದ ಕಪ್ಪು ಪರದೆ. ಆಜ್ಞೆ ಟೈಪ್ ಮಾಡಬೇಕು, ಅದು ಕೊಟ್ಟ ಉತ್ತರ ಓದಬೇಕು. ನೋಡಿದವರೆಲ್ಲ ‘ಬೋರ್ ಆಗಲ್ವಾ’ ಅನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಆ ಪರದೆಯ ಹಿಂದಿರುವ ಸಾಫ್ಟ್‌ವೇರ್ ಬರೆದವರು ಒಳಗೊಳಗೇ ತಮಾಷೆಗಳನ್ನು ಬಚ್ಚಿಟ್ಟಿದ್ದಾರೆ. ಒಂದು ಆಜ್ಞೆಗೆ ಪರದೆಯ ಈ ತುದಿಯಿಂದ ಆ ತುದಿಗೆ ರೈಲು ಓಡುತ್ತದೆ, ಅದು ದಾಟುವವರೆಗೂ ನಾವು ಗೇಟಿನಲ್ಲಿ ನಿಂತವರ ಹಾಗೆ ಸುಮ್ಮನಿರಬೇಕು. ಪಾಸ್‌ವರ್ಡ್ ತಪ್ಪಿದರೆ ಬೈಯುವ ಹಾಗೂ ಮಾಡಿಡಬಹುದು. ನನಗೆ ಇಷ್ಟವಾದದ್ದು ಹಸು. ಹೊಸ ಸಾಫ್ಟ್‌ವೇರ್ ಹಾಕುವ ಆಜ್ಞೆಯ ಪಕ್ಕದಲ್ಲಿ ‘ಮೂ’ ಎಂದು ಟೈಪ್ ಮಾಡಿದರೆ ಗೀಟು, ಸೊನ್ನೆ, ಕಂಸಗಳಿಂದಲೇ ಆದ ಒಂದು ಹಸು ಬಂದು ನಿಂತು, ‘ಇವತ್ತು ಕೂಗಿದ್ಯಾ’ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ.

ಒಂದು ದಿನ ಅವ್ವನಿಗೆ ತೋರಿಸಿದೆ. ಅವಳು ಬಗ್ಗಿ ನೋಡಿದಳು.

“ಕೆಚ್ಚಲೇ ಇಲ್ವಲ್ಲೇ ಇದ್ಕೆ. ಏನಂತದೆ?”

“ಇವತ್ತು ಕೂಗಿದ್ಯಾ ಅಂತ ಕೇಳ್ತದೆ.”

“ಯಾರೋ ಅಸು ಕಟ್ಟಿರೋರೇ ಬರ್ದವ್ರೆ ಕಣೆ.”

“ತಮಾಷೆಗೆ ಬರ್ದಿರದು ಕಣವ್ವ.”

“ಅದ್ರಲ್ಲೇನ್ ತಮಾಷೆ ಬಂತು?” ಅಂದು ಕೊಟ್ಟಿಗೆಗೆ ಹೋದಳು.

ಅವಳಿಗೆ ಅದು ತಮಾಷೆಯಾಗಿರಲಿಲ್ಲ. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದ್ದ ಮಾತೇ ಅದು. ಬೇರೆ ಹಸುಗಳು ಬೆದೆಗೆ ಬಂದರೆ ಊರಿಗೆಲ್ಲ ಕೇಳುವಂತೆ ಕೂಗುತ್ತವೆ. ನಮ್ಮದು ಒಂದೋ ಎರಡೋ ಸಲ ಕೂಗಿ ಸುಮ್ಮನಾಗಿಬಿಡುತ್ತಿತ್ತು. ಬೆಳಿಗ್ಗೆ ಕೂಗಿದ್ದು ಗೊತ್ತಾದರೆ ಸಂಜೆಯೊಳಗೆ ಡಾಕ್ಟರನ್ನು ಕರೆಸಿ ಗಬ್ಬಕ್ಕೆ ಇಂಜೆಕ್ಷನ್ ಹಾಕಿಸಬೇಕು, ತಪ್ಪಿದರೆ ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಹೀಗೆ ತಪ್ಪಿ ತಪ್ಪಿ ಅದು ಗಬ್ಬ ಕಟ್ಟದೆ ವರ್ಷವಾಗುತ್ತ ಬಂದಿತ್ತು, ಹಾಲೂ ಬತ್ತಿತ್ತು. “ಈ ಸಲಾನೂ ತಪ್ಪೋದ್ರೆ ಚನ್ನರಾಯಪಟ್ಟಣದ ದನದ ಯಾಪಾರ್ದೋನ್ಗೆ ಕೊಟ್ಬುಡ್ತೀನಿ” ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ತಾಯಿ ಸತ್ತ ಕರು ಅದು, ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿಕೊಂಡಿದ್ದಳು. ಅಪ್ಪನ ಮಾತು ಕೇಳಿ ಅವಳು ಕ್ಯಾಲೆಂಡರಿನಲ್ಲಿ ಅದು ಮತ್ತೆ ಕೂಗಬೇಕಾದ ದಿನಕ್ಕೆ ಗುಂಡು ಸುತ್ತಿಟ್ಟಳು.

ಆ ದಿನಕ್ಕೇ ಹೊಳೆನರಸೀಪುರದಲ್ಲಿ ಚಿಕ್ಕವ್ವನ ಮೊಮ್ಮಗುವಿನ ನಾಮಕರಣ ಬಂತು. ಅಪ್ಪ, ಅವ್ವ ಇಬ್ಬರೂ ಹೋಗಲೇಬೇಕಿತ್ತು.

“ನೀನಿರ್ತೀಯಲ್ಲ ಮನೇಲಿ. ಕಿವಿ ಇತ್ತಗೆ ಮಡಿಕ್ಕಂಡಿರು. ಒಂದ್ ಸಲ ಕೂಗುದ್ರೂ ಫೋನ್ ಮಾಡು” ಅಂದಳು, ಮೂರನೇ ಸಲ.

“ಆಯ್ತು ಹೋಗವ್ವ, ನಾನೇನ್ ಕಿವುಡೀನಾ?” ಅಂದೆ.

ಅವತ್ತು ಆಫೀಸಿಗೆ ಹೊಸದಾಗಿ ಸೇರಿದವರಿಗೆ ವಿಡಿಯೊ ಕಾಲ್‌ನಲ್ಲಿ ಪಾಠ ಹೇಳುವ ಕೆಲಸ ನನ್ನದು. ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು ಊಟಕ್ಕೂ ಸರಿಯಾಗಿ ಏಳಲಿಲ್ಲ. ಎಲ್ಲರೂ ತೂಕಡಿಸುತ್ತಿದ್ದಾರೆ ಅನ್ನಿಸಿ, ಎಚ್ಚರಿಸೋಣ ಎಂದು ಹಸುವನ್ನು ಕರೆದೆ. ನಕ್ಕರು. ಅವರಲ್ಲಿ ಅರಕಲಗೂಡಿನ ಒಬ್ಬ, “ಮೇಡಂ, ಇದ್ರಲ್ಲಿ ಸೌಂಡೂ ಬತ್ತದಲ್ಲ” ಅಂದ. ಎಲ್ಲರೂ ಇನ್ನಷ್ಟು ನಕ್ಕರು. ನನ್ನನ್ನು ಆಡಿಸುತ್ತಿದ್ದಾನೆ ಅಂದುಕೊಂಡು, “ತಲೆಹರಟೆ ಸಾಕು, ಮುಂದಿನದು ನೋಡಿ” ಎಂದು ಗದರಿದೆ.

ಸಂಜೆ ನಾಲ್ಕಕ್ಕೆಲ್ಲ ಅವ್ವ ವಾಪಸು ಬಂದಳು. ಬಾಗಿಲಲ್ಲೇ ನಿಂತು ಕೇಳಿದಳು.

“ಕೂಗ್ತಾ?”

“ಇಲ್ಲ ಕಣವ್ವ.”

“ಸರ್ಯಾಗಿ ಕೇಳುಸ್ಕಂಡ್ಯಾ?”

“ಕೂಗ್ಲಿಲ್ಲ ಅಂದ್ನಲ್ಲ. ಎಷ್ಟ್ ಸಲ ಹೇಳ್ಬೇಕು?”

ನಿಜವಾಗಿ ನನಗೆ ಗೊತ್ತಿರಲಿಲ್ಲ. ದಿನವೆಲ್ಲ ಕಿವಿ ಮುಚ್ಚಿಕೊಂಡಿದ್ದೆ ಅನ್ನಲು ಬಾಯಿ ಬರಲಿಲ್ಲ, ಬೆಳಿಗ್ಗೆ ಅಷ್ಟು ಜೋರು ಮಾಡಿದ್ದೆನಲ್ಲ. ಅವ್ವ ಸೀರೆ ಬದಲಿಸಿ ಒಲೆ ಹಚ್ಚಿದಳು. ಡಾಕ್ಟರಿಗೆ ಫೋನ್ ಮಾಡಲಿಲ್ಲ.

ಮುಂದಿನ ವಾರ ಚನ್ನರಾಯಪಟ್ಟಣದವನು ಟೆಂಪೊ ತಂದ. ಅವ್ವ ಹಸುವಿಗೆ ಎರಡು ಬಾಳೆಹಣ್ಣು ತಿನ್ನಿಸಿ, ಅದನ್ನು ಹತ್ತಿಸುವ ಮೊದಲೇ ಒಳಗೆ ಬಂದುಬಿಟ್ಟಳು.

ಅದಾಗಿ ಎರಡು ದಿನಕ್ಕೆ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, “ಯಾಕಕ್ಕ ಕೊಟ್ಬುಟ್ರಿ? ನೀವು ನಾಮಕರಣಕ್ಕೆ ಓಗಿದ್ ದಿನ ಎಲ್ಡ್ ಸಲ ಕೂಗ್ತಲ್ಲ. ಮಗಳವ್ಳೆ, ನೋಡ್ಕತಾಳೆ ಅಂತ ನಾನೂ ಸುಮ್ನಾದೆ” ಅಂದಳು. ಬಟ್ಟೆ ಒಣಹಾಕುತ್ತಿದ್ದ ನನಗೆ ಅವಳ ಒಂದೊಂದು ಮಾತೂ ಕೇಳಿಸಿತು. ಅರಕಲಗೂಡಿನ ಹುಡುಗ ಅಂದದ್ದೂ ಆಗಲೇ ನೆನಪಾಯಿತು. ನನ್ನ ಮೈಕಿನಿಂದ ಅಷ್ಟು ಜನಕ್ಕೆ ಕೇಳಿಸಿದ್ದು ನನಗೊಬ್ಬಳಿಗೆ ಕೇಳಿಸಿರಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮಧ್ಯಾಹ್ನ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು, “ಅವತ್ತು ಹೆಡ್‌ಫೋನ್ ಹಾಕ್ಕಂಡಿದ್ದೆ ಕಣವ್ವ. ನಂಗೆ ಕೇಳುಸ್ಲಿಲ್ಲ” ಅಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆನೇನೋ. ಕೈಯಲ್ಲಿದ್ದ ಕಾಯಿ ಸುಲಿದು, ಕಾಳು ಮೊರಕ್ಕೆ ಹಾಕಿ ಅಂದಳು:

“ಕೇಳುಸ್ಲಿಲ್ಲ ಅಂತ ಅವತ್ತೇ ಅಂದಿದ್ರೆ ನಾನೇ ಓಗಿ ಬೆದೆ ಗುರ್ತು ನೋಡ್ತಿದ್ದೆ, ಡಾಕ್ಟ್ರ ಕರ್ಸಕ್ಕೆ ಟೈಮಿತ್ತು. ನೀನು ಕೂಗ್ಲಿಲ್ಲ ಅಂದ್ಬುಟ್ಟೆ.”